ಬೆಂಕಿಪೊಟ್ಟಣ ಅಟ್ಟದ ಮೇಲಿದ್ದರೆ ಏನು ಬಂತು?

ಜುಲೈ ತಿಂಗಳು, ಕೋಲಾರದಲ್ಲಿ ಟೊಮೆಟೊ ಸೀಜನ್. ಹರಾಜು ಜೋರಾಗಿ ನಡೆಯುವ ಹೊತ್ತಿಗೆ ಮಂಡಿ ಯಜಮಾನರ ಫೋನು. "ಏನಪ್ಪಾ, ನಿನ್ನ ಮಿಷನ್ನು ಮತ್ತೆ ಮಲಗ್ತು. ರೈತರು ಪಟ್ಟಿಗೆ ಕಾಯ್ತಾವ್ರೆ, ಇಲ್ಲಿ ಕಾಲಿಡಕ್ಕೆ ಜಾಗ ಇಲ್ಲ."

ಒಂದೇ ವಾರದಲ್ಲಿ ಮೂರನೇ ಸಲ. ನಾನು ಕೆಲಸ ಮಾಡೋದು ಬೆಂಗಳೂರಿನ ಕಂಪನಿಗೆ, ಮನೆಯಿಂದಲೇ. ಪರಿಚಯಕ್ಕೆ ಅಂತ ಈ ಮಂಡಿಯ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತೇನೆ. ಎಷ್ಟು ಬಾಕ್ಸ್ ಬಂತು, ಯಾವ ರೇಟಿಗೆ ಹೋಯಿತು, ಯಾರಿಗೆ ಎಷ್ಟು ಕೊಡಬೇಕು, ಎಲ್ಲ ಅದರಲ್ಲೇ. ಆಫ್ ಮಾಡಿ ಆನ್ ಮಾಡಿದರೆ ಓಡುತ್ತದೆ. ಆದರೆ ಯಾಕೆ ಬಿತ್ತು ಅಂತ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಕೆಡಂಪ್ ಆನ್ ಇತ್ತು, ಡಂಪ್ ಬೀಳಬೇಕಾದ ಫೋಲ್ಡರ್ ಮಾತ್ರ ಖಾಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಕುಸಿದಾಗ ಮೆಮೊರಿಯಲ್ಲಿ ಏನೇನಿತ್ತೋ ಅದನ್ನು ಡಿಸ್ಕಿಗೆ ಬರೆದಿಟ್ಟುಕೊಂಡರೆ ಆಮೇಲೆ ಕಾರಣ ಹುಡುಕಬಹುದು. ಬರೆಯೋರು ಯಾರು? ಕುಸಿದ ಕರ್ನಲ್ಲನ್ನೇ ನಂಬೋಕಾಗಲ್ಲ, ಅದರ ಡ್ರೈವರ್‌ಗಳೇ ಕೆಟ್ಟಿರಬಹುದು. ಅದಕ್ಕೆ ಮಷೀನ್ ಶುರುವಾಗುವಾಗಲೇ ಮೆಮೊರಿಯಲ್ಲಿ ಒಂದಿಷ್ಟು ಜಾಗ ಬೇರೆ ತೆಗೆದಿಟ್ಟು, ಎರಡನೇ ಕರ್ನಲ್ ಒಂದನ್ನು ಅಲ್ಲಿ ಸಿದ್ಧವಾಗಿ ಕೂರಿಸಿರುತ್ತಾರೆ. ಮೊದಲನೆಯದು ಬಿದ್ದ ತಕ್ಷಣ ಎರಡನೆಯದು ಮಾಮೂಲಿ ಬೂಟಿನ ಬಯೋಸ್ ದಾರಿ ಹಿಡಿಯದೆ ನೇರವಾಗಿ ಏಳುತ್ತದೆ. ಹಳೇ ಮೆಮೊರಿ ಅಳಿಸಿ ಹೋಗಿರಲ್ಲ. ಅದನ್ನೇ ಒಂದು ಫೈಲಿನಂತೆ ಓದಿ ಡಿಸ್ಕಿಗೆ ಬರೆಯುತ್ತದೆ. ಈ ಏರ್ಪಾಡೇ ಕೆಡಂಪ್, ಬರೆದಿಟ್ಟಿದ್ದೇ ಡಂಪ್. ಲಿನಕ್ಸ್‌ಗೆ ಇದು ಬಂದಿದ್ದು 2005ರಲ್ಲಿ, 2.6.13 ಆವೃತ್ತಿಯಲ್ಲಿ.

ಮೊದಲೇ ಯಾಕೆ ಜಾಗ ತೆಗೆದಿಡಬೇಕು, ಬಿದ್ದಾಗ ಸಿಕ್ಕ ಜಾಗದಲ್ಲಿ ಕೂರಬಾರದಾ ಅಂತ ಕೇಳುತ್ತಾರೆ. ಮಂಡಿಯಲ್ಲಿ ಯಜಮಾನರು ತಲೆಸುತ್ತಿ ಬಿದ್ದರು ಅನ್ಕೊಳ್ಳಿ. ಆ ಕಡೆ ಹಮಾಲಿಗಳಿಗೆ ಗೊತ್ತಿಲ್ಲ, ಹೇಳಿದ ಲಾರಿಗೆ ಬಾಕ್ಸ್ ಹಾಕುತ್ತಲೇ ಇರುತ್ತಾರೆ. ನೆಟ್‌ವರ್ಕ್ ಕಾರ್ಡು, ಡಿಸ್ಕ್ ಕಾರ್ಡು ಕೂಡ ಹಾಗೇ. ಕರ್ನಲ್ ಸತ್ತ ಮೇಲೂ, ಮೊದಲು ಹೇಳಿದ್ದ ವಿಳಾಸಕ್ಕೆ ಡಿಎಂಎ ಮೂಲಕ, ಅಂದರೆ ಸಿಪಿಯು ನಡುವೆ ಬರದೆ ನೇರವಾಗಿ ಮೆಮೊರಿಗೆ, ಡೇಟಾ ಸುರಿಯುತ್ತಲೇ ಇರಬಹುದು. ಅಲ್ಲಿ ಹೋಗಿ ಕೂತರೆ ಎರಡನೆಯದರ ಕಥೆಯೂ ಮುಗಿಯಿತು.

ಸರಿ, ನನ್ನ ಸರ್ವರ್‌ನಲ್ಲಿ ಜಾಗವೂ ಇತ್ತು. 512 ಎಂಬಿ. ಆದರೆ ಎಲ್ಲಿತ್ತು?

ಅಜ್ಜಿ ಮನೆ ನೆನಪಾಗುತ್ತದೆ. ಗೋಡೆಯ ಗೂಡಿನಲ್ಲಿ ಬುಡ್ಡಿ ದೀಪ, ಪಕ್ಕದಲ್ಲೇ ಬೆಂಕಿಪೊಟ್ಟಣ. ಆ ಗೂಡಿನಲ್ಲಿ ಬೇರೇನು ಇಟ್ಟರೂ ಬೈಸಿಕೊಳ್ಳಬೇಕಿತ್ತು. ಅಟ್ಟದ ಮೇಲೆ ಬೇಕಾದಷ್ಟು ಜಾಗ ಇತ್ತು. ಆದರೆ ಕರೆಂಟ್ ಹೋದಾಗ ಕತ್ತಲಲ್ಲಿ ಏಣಿ ಹತ್ತಿ ಬೆಂಕಿಪೊಟ್ಟಣ ಹುಡುಕೋರು ಯಾರು?

4 ಜಿಬಿ ಕೆಳಗಿನ ಮೆಮೊರಿ ಆ ಗೂಡು. 32 ಬಿಟ್ ವಿಳಾಸ ಮಾತ್ರ ಗೊತ್ತಿರುವ ಸಾಧನದ ಕೈ 4 ಜಿಬಿ ತನಕವೇ ಎಟಕೋದು. ಮೇಲಿನ ಮೆಮೊರಿಗೆ ಡೇಟಾ ಹೋಗಬೇಕಾದರೆ ಸಾಧನ ಕೆಳಗೆ ಒಂದು ಬಫರ್‌ಗೆ ಹಾಕುತ್ತದೆ, ಸಿಪಿಯು ಅಲ್ಲಿಂದ ಮೇಲಕ್ಕೆ ನಕಲು ಮಾಡುತ್ತದೆ. ಆ ಬಫರ್‌ಗೇ ಮಾಮೂಲಾಗಿ 64 ಎಂಬಿ ಬೇಕು. 2013ರ ಸುಮಾರಿಗೆ 'ಹೈ' ಆಯ್ಕೆ ಬಂದು, ಎರಡನೇ ಕರ್ನಲ್ಲಿನ ದೊಡ್ಡ ಜಾಗವನ್ನು 4 ಜಿಬಿ ಮೇಲೆ ಇಡಲು ದಾರಿಯಾಯಿತು. ಆದರೂ ಕೆಳಗೆ ಒಂದು ಸಣ್ಣ ಪಾಲು ಬೇಕೇ ಬೇಕು. ಇಂಟೆಲ್, ಎಎಂಡಿ 64 ಬಿಟ್ ಮಷೀನ್‌ಗಳಲ್ಲಿ ನಾವು ಏನೂ ಹೇಳದಿದ್ದರೆ ಕರ್ನಲ್ ತಾನೇ ಕಡಿಮೆ ಅಂದರೂ 256 ಎಂಬಿ ಕೆಳಗೆ ತೆಗೆದಿಡುತ್ತದೆ.

ನನ್ನ ಸರ್ವರ್‌ನಲ್ಲಿ ಅದು ಸೊನ್ನೆ. 'ಹೈ 512 ಎಂಬಿ, ಲೋ 0' ಅಂತ ಬರೆದಿತ್ತು. ಬರೆದಿದ್ದು ಯಾರು ಅಂದರೆ ನಾನೇ. ಇರೋದೇ 16 ಜಿಬಿ, 256 ಎಂಬಿ ಸುಮ್ನೆ ದಂಡ ಅಂತ ಎರಡು ವರ್ಷದ ಹಿಂದೆ ಜಾಣತನ ಮಾಡಿದ್ದೆ. 16 ಜಿಬಿಯಲ್ಲಿ 256 ಎಂಬಿ ಅಂದರೆ ಅರವತ್ನಾಲ್ಕರಲ್ಲಿ ಒಂದು ಪಾಲು. ಅಷ್ಟಕ್ಕೆ ಇಷ್ಟು ಜಿಪುಣತನ.

ಹರಾಜು ಮುಗಿದು ಮಂಡಿ ಖಾಲಿಯಾದ ಮೇಲೆ, ಮಾನಿಟರ್ ಸಿಕ್ಕಿಸಿಕೊಂಡು ಮುಂದೆ ಕೂತೆ. ಸಿಸ್ಆರ್‌ಕ್ಯೂ ಅನ್ನೋ, ಕರ್ನಲ್ಲಿಗೆ ನೇರ ಆಜ್ಞೆ ಕೊಡುವ ಸೌಲಭ್ಯದ ಮೂಲಕ ಬೇಕಂತಲೇ ಕರ್ನಲ್ ಬೀಳಿಸಿದೆ. ಪರದೆ ತುಂಬ ಪ್ಯಾನಿಕ್ ಸಾಲುಗಳು ಓಡಿದವು. ಎರಡನೇ ಕರ್ನಲ್ ಎದ್ದಿತು. ಆಮೇಲೆ ಬಫರ್‌ಗೆ ಜಾಗ ಸಿಗಲಿಲ್ಲ ಅಂತ ಒಂದು ಸಾಲು. ಅದರ ಹಿಂದೆಯೇ ಡಿಸ್ಕುಗಳನ್ನು ನೋಡಿಕೊಳ್ಳುವ ಹಳೇ ರೈಡ್ ಕಾರ್ಡಿನ ಡ್ರೈವರ್ ಕೈ ಎತ್ತಿತು. ಡಿಸ್ಕೇ ಕಾಣದ ಮೇಲೆ ಬರೆಯೋದು ಎಲ್ಲಿಗೆ?

"ಚೆನ್ನಾಗಿರೋದನ್ನ ಯಾಕಪ್ಪಾ ಕೆಡಿಸ್ತೀಯ?" ಅಂದರು ಯಜಮಾನರು, ಟೀ ಲೋಟ ಹಿಡಿದು.

"ಈಗ ಕೆಡಿಸಿದ್ರೆ ಒಳ್ಳೇದು ಅಣ್ಣಾ, ನಾಳೆ ಬೆಳಿಗ್ಗೆ ಅದೇ ಕೆಟ್ರೆ ಕಷ್ಟ" ಅಂದೆ.

ಲೋ ಸೊನ್ನೆ ತೆಗೆದು 256 ಹಾಕಿ, ರೀಬೂಟ್ ಮಾಡಿ, ಮತ್ತೆ ಬೀಳಿಸಿದೆ. ಈ ಸಲ ಶೇಕಡಾ ಲೆಕ್ಕ ಮೇಲೇರುತ್ತಾ ಹೋಗಿ ಡಂಪ್ ಬಿತ್ತು. 16 ಜಿಬಿ ಪೂರ್ತಿ ಏನೂ ಬರೆಯಲ್ಲ. ಖಾಲಿ ಪುಟ, ಕ್ಯಾಶ್, ಪ್ರೋಗ್ರಾಮ್‌ಗಳ ಡೇಟಾ ಎಲ್ಲ ಮೇಕ್‌ಡಂಪ್‌ಫೈಲ್ ಅನ್ನೋ ಪ್ರೋಗ್ರಾಮ್ ಜರಡಿ ಹಿಡಿದು ಬಿಡುತ್ತದೆ. ನಾಲ್ಕು ದಿನಕ್ಕೆ ಸರ್ವರ್ ತಾನಾಗಿಯೇ ಬಿದ್ದಾಗ ಡಂಪ್ ಸಿಕ್ಕಿತು. ಹೊರಗಿನಿಂದ ತಂದು ಹಾಕಿದ್ದ ಒಂದು ನೆಟ್‌ವರ್ಕ್ ಡ್ರೈವರ್ ಕಡೆ ಬೊಟ್ಟು ಮಾಡುತ್ತಿತ್ತು. ಅದನ್ನು ತೆಗೆದ ಮೇಲೆ ಸೀಜನ್ ಮುಗಿಯೋವರೆಗೂ ಬಿದ್ದಿಲ್ಲ.

ಹೀಗಾಗಿ 'ಕೆಡಂಪ್ ಆನ್ ಇದೆ' ಅಂತ ಯಾರಾದರೂ ಹೇಳಿದರೆ ನಾನೀಗ ನಂಬಲ್ಲ. ಸರ್ವೀಸ್ ಹಸಿರು ತೋರಿಸುತ್ತೆ ಅಂದರೆ ಕರ್ನಲ್ ಲೋಡ್ ಆಗಿ ಕೂತಿದೆ ಅಂತ ಅಷ್ಟೇ, ಡಂಪ್ ಬೀಳುತ್ತೆ ಅಂತಲ್ಲ. ಒಂದು ಸಲ ಬೀಳಿಸಿ ನೋಡಿದ್ದೀರಾ ಅಂತ ಕೇಳಿದರೆ ಬಹಳ ಜನ ಮಾತು ಬದಲಿಸುತ್ತಾರೆ. ನಾನೂ ಹಾಗೇ ಇದ್ದೆ ಬಿಡಿ.

ನಿಮ್ಮ ಮಷೀನ್‌ನಲ್ಲಿ ಪ್ರಾಕ್ ಒಳಗಿನ ಐಓಮೆಮ್ (/proc/iomem) ಫೈಲ್ ತೆರೆದು 'ಕ್ರ್ಯಾಶ್ ಕರ್ನಲ್' ಅನ್ನೋ ಸಾಲು ಹುಡುಕಿ. ಹೈ ಹಾಕಿದ್ದರೆ ಎರಡು ಸಾಲು ಇರಬೇಕು, ಒಂದು 4 ಜಿಬಿಗಿಂತ ಕೆಳಗೆ. ರೂಟ್, ಅಂದರೆ ಅಡ್ಮಿನ್, ಆಗಿಯೇ ನೋಡಿ, ಇಲ್ಲದಿದ್ದರೆ ವಿಳಾಸವೆಲ್ಲ ಸೊನ್ನೆ ಸೊನ್ನೆ ಕಾಣಿಸುತ್ತೆ.