ಮಿತಭಾಷಿ ರೋಗಿಗಳು ಬೇಕಾಗಿದ್ದಾರೆ

ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ ಎಲ್ಲವೂ ಸುಸೂತ್ರವಾಗಿಯೇ ಇದೆ. ಅದನ್ನು ಕೆಡಿಸುತ್ತಿರುವವರು ರೋಗಿಗಳು ಮಾತ್ರ. ಟೋಕನ್ ಯಂತ್ರ ಚೀಟಿ ಉಗುಳುತ್ತದೆ, ಕಂಪ್ಯೂಟರ್ ಹೆಸರು ಕೂಗುತ್ತದೆ, ಒಂದೇ ಜನ್ಮದಿನಾಂಕವನ್ನು ಮೂರು ಕೌಂಟರ್‌ಗಳು ಮೂರು ಬಾರಿ ಬರೆದುಕೊಳ್ಳುತ್ತವೆ. ಇಷ್ಟೆಲ್ಲ ಶಿಸ್ತಿನ ನಡುವೆ ಯಾರೋ ಒಬ್ಬರು ಒಳಗೆ ಬಂದು, ಕುರ್ಚಿಯಲ್ಲಿ ಕುಳಿತು, ತಮಗೇನಾಗುತ್ತಿದೆ ಎಂಬುದನ್ನು ಮೊದಲಿನಿಂದ ಹೇಳತೊಡಗುತ್ತಾರೆ. ವ್ಯವಸ್ಥೆ ಹಳಿ ತಪ್ಪುವುದು ಅಲ್ಲಿಯೇ.

ಈ ಅನಾಹುತವನ್ನು ತಡೆಯುವಲ್ಲಿ ವೈದ್ಯಲೋಕ ಸಾಧಿಸಿರುವ ಪ್ರಗತಿಯನ್ನು ಯಾರೂ ಕೊಂಡಾಡದಿರುವುದು ವಿಷಾದದ ಸಂಗತಿ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ಲೆಕ್ಕ ಹಾಕಿದಾಗ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ಮಾತು ತುಂಡರಿಸುತ್ತಿದ್ದರು. ಅದೇ ದೇಶದಲ್ಲಿ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಬಂದ ಕಾರಣವೇನೆಂದು ರೋಗಿಯನ್ನು ಕೇಳಿದ್ದೇ ಸುಮಾರು ಮೂರರಲ್ಲೊಂದು ಭೇಟಿಯಲ್ಲಿ. ಹಾಗೆ ಪ್ರಶ್ನೆ ಕೇಳಿಸಿಕೊಂಡ ಭಾಗ್ಯವಂತರಲ್ಲಿಯೂ ಮೂರನೆಯ ಎರಡರಷ್ಟು ಜನರ ಮಾತಿಗೆ ಕತ್ತರಿ ಬಿದ್ದಿತ್ತು, ಅದಕ್ಕೆ ಹಿಡಿದ ಕಾಲದ ಮಧ್ಯಾಂಕ (ಅಂಕಿಗಳನ್ನು ಏರುಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) 11 ಸೆಕೆಂಡು. ಒಂದು ಸರಾಸರಿ, ಇನ್ನೊಂದು ಮಧ್ಯಾಂಕ, ಇವೆರಡನ್ನು ಹೀಗೆ ಅಕ್ಕಪಕ್ಕ ನಿಲ್ಲಿಸಬಾರದೆಂದು ಸಂಖ್ಯಾಶಾಸ್ತ್ರಜ್ಞರು ಆಕ್ಷೇಪಿಸಬಹುದು. ಅವರ ಮಾತನ್ನೂ ಹನ್ನೊಂದನೆಯ ಸೆಕೆಂಡಿಗೇ ನಿಲ್ಲಿಸುವುದು ಕ್ಷೇಮ. ಹನ್ನೊಂದು ಸೆಕೆಂಡಿನಲ್ಲಿ ಎಷ್ಟು ಹೇಳಬಹುದು? "ಎರಡು ವಾರದಿಂದ, ರಾತ್ರಿ ಮಲಗಿದ ಮೇಲೆ, ಎದೆಯ ಎಡಗಡೆ, ಅಲ್ಲ, ಸ್ವಲ್ಪ ಮೇಲೆ, ಒಂಥರಾ..." ಎನ್ನುವಷ್ಟು. ಆ "ಒಂಥರಾ" ಎಂಬುದು ಎಂಥದ್ದೆಂದು ತಿಳಿಯುವಷ್ಟರಲ್ಲಿ ಇಸಿಜಿಗೆ ಚೀಟಿ ಸಿದ್ಧವಾಗಿರುತ್ತದೆ.

ತಡೆಯದೆ ಬಿಟ್ಟರೆ ಇವರು ಸಂಜೆಯವರೆಗೂ ಮಾತನಾಡುತ್ತಾರೆಂಬುದು ಬಹುಕಾಲದ ನಂಬಿಕೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೆಲವು ವೈದ್ಯರು ಅದನ್ನೂ ಪರೀಕ್ಷಿಸಿ ನೋಡಿ, ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಬಾಯಿ ಹಾಕದೆ ಸುಮ್ಮನೆ ಕುಳಿತರೆ ರೋಗಿಗಳು ತಾವಾಗಿಯೇ ಮಾತು ಮುಗಿಸಲು ತೆಗೆದುಕೊಂಡ ಸಮಯ ಸರಾಸರಿ 92 ಸೆಕೆಂಡು, ಶೇ. 78ರಷ್ಟು ಜನ ಎರಡು ನಿಮಿಷದೊಳಗೆ ಮುಗಿಸಿದ್ದರು. ಇಂಥ ಅಧ್ಯಯನಗಳಿಂದ ರೋಗಿಗಳಿಗೆ ಇಲ್ಲದ ಸಲುಗೆ ಸಿಗುತ್ತದೆ. ಅಲ್ಲದೆ 92 ಸೆಕೆಂಡು ಎಲ್ಲಿಂದ ತರುವುದು? 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಹೊರಬಂದ ವರದಿಯಂತೆ, ಪ್ರಾಥಮಿಕ ಚಿಕಿತ್ಸೆಯ ಒಂದು ಭೇಟಿಗೆ ಸ್ವೀಡನ್ನಿನಲ್ಲಿ 22.5 ನಿಮಿಷ ಸಿಕ್ಕರೆ ಬಾಂಗ್ಲಾದೇಶದಲ್ಲಿ ಸಿಗುವುದು 48 ಸೆಕೆಂಡು, ಮತ್ತು ಜಗತ್ತಿನ ಸುಮಾರು ಅರ್ಧದಷ್ಟು ಜನರ ಪಾಲಿಗೆ ಬರುವುದು ಐದು ನಿಮಿಷ ಅಥವಾ ಅದಕ್ಕಿಂತ ಕಡಿಮೆ. ಬಾಗಿಲಾಚೆ ನಲವತ್ತು ಜನ ಕಾದಿರುವಾಗ ಬ್ರಹ್ಮನೇ ಬಂದು ಆ ಕುರ್ಚಿಯಲ್ಲಿ ಕುಳಿತರೂ ನಾಲ್ಕು ಮುಖಗಳಲ್ಲಿ ಒಂದು ಪರದೆಯನ್ನೇ ನೋಡುತ್ತಿರಬೇಕಾಗುತ್ತದೆ ಎಂಬುದನ್ನು ಇಲ್ಲಿ ವೈದ್ಯರ ಪರವಾಗಿ ಹೇಳಲೇಬೇಕು.

ಸಮಯದ ಈ ಕ್ಷಾಮಕ್ಕೆ ಆಡಳಿತದವರು ಕಂಡುಹಿಡಿದ ಪರಿಹಾರ, ಕಾಯುವ ಕೋಣೆಯ ಗೋಡೆಯಲ್ಲಿ ತೂಗುವ "ಒಂದು ಭೇಟಿಗೆ ಒಂದೇ ತೊಂದರೆ" ಎಂಬ ಫಲಕ. ದೇಹಕ್ಕೆ ಓದಲು ಬಾರದಿರುವುದೇ ಇಲ್ಲಿನ ಅಡಚಣೆ. ಮಂಡಿ ನೋಯುವುದರಿಂದ ನಡೆಯಲಾಗುವುದಿಲ್ಲ, ನಡೆಯದಿರುವುದರಿಂದ ಸಕ್ಕರೆ ಏರುತ್ತದೆ, ಸಕ್ಕರೆ ಏರಿದ್ದರಿಂದ ರಾತ್ರಿಯಿಡೀ ಮೂತ್ರಕ್ಕೆ ಏಳಬೇಕಾಗುತ್ತದೆ, ಎದ್ದೆದ್ದು ನಿದ್ದೆ ಕೆಟ್ಟಿದ್ದರಿಂದ ಹಗಲೆಲ್ಲ ತಲೆ ಭಾರ. ಇದರಲ್ಲಿ ಆ "ಒಂದೇ ತೊಂದರೆ" ಯಾವುದೆಂದು ಆರಿಸಿಕೊಂಡು ಬರಬೇಕಾದವನು ರೋಗಿ. ಅಂದರೆ ರೋಗನಿರ್ಣಯವನ್ನು ಮನೆಯಲ್ಲಿಯೇ ಮುಗಿಸಿಕೊಂಡು ಬಂದವರಿಗೆ ಮಾತ್ರ ರೋಗನಿರ್ಣಯದ ಸೌಲಭ್ಯವಿದೆ. ಅವನು ತಲೆಭಾರವನ್ನು ಆರಿಸಿಕೊಂಡರೆ ನೋವಿನ ಮಾತ್ರೆ ಸಿಗುತ್ತದೆ, ಮಂಡಿಗೆ ಮುಂದಿನ ತಿಂಗಳ ಟೋಕನ್ ಸಿಗುತ್ತದೆ.

ರಕ್ತದೊತ್ತಡ ಅಳೆಯುವ ಶಾಸ್ತ್ರವಂತೂ ನೋಡಿಯೇ ಆನಂದಿಸಬೇಕಾದದ್ದು. ಮಾರ್ಗಸೂಚಿಗಳು ಹೇಳುವ ವಿಧಿ ಬಲು ಸೊಗಸಾಗಿದೆ: ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ, ಧೂಮಪಾನ, ವ್ಯಾಯಾಮ ಇರಬಾರದು, ಮೂತ್ರ ವಿಸರ್ಜಿಸಿರಬೇಕು, ಐದು ನಿಮಿಷ ಮೌನವಾಗಿ ಕುಳಿತಿರಬೇಕು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಹೃದಯದ ಮಟ್ಟದಲ್ಲಿ, ಪಟ್ಟಿ ಬರಿ ತೋಳಿಗೆ, ಕಡೆಗೆ ಒಂದಲ್ಲ, ಕನಿಷ್ಠ ಎರಡು ಬಾರಿ ಅಳತೆ. ವಾಸ್ತವದಲ್ಲಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿರುವ, ಮೂತ್ರದ ಮಾದರಿಗಾಗಿ ಒಂದು ಗಂಟೆಯಿಂದ ತಡೆದುಕೊಂಡಿರುವ, ಎತ್ತರದ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿರುವ ವ್ಯಕ್ತಿಯ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಅದು ಬಿಗಿಯುತ್ತಿರುವಾಗಲೇ ವಿಳಾಸ ಬದಲಾಗಿದೆಯೇ ಎಂದು ಕೇಳಲಾಗುತ್ತದೆ. ಈ ಒಂದೊಂದೂ ಒತ್ತಡವನ್ನು ಏರಿಸಬಲ್ಲದೆಂಬುದು ಅದೇ ಮಾರ್ಗಸೂಚಿಗಳಲ್ಲಿದೆ. ಬಂದ ಅಂಕಿಯನ್ನು ನೋಡಿ, "ಏಕಿಷ್ಟು ಟೆನ್ಷನ್ ಮಾಡಿಕೊಳ್ಳುತ್ತೀರಿ?" ಎಂದು ಗದರಿದ ಮೇಲೆ ಎರಡನೆಯ ಬಾರಿ ಅಳೆಯುವ ಅಗತ್ಯ ಬೀಳುವುದಿಲ್ಲ.

ಇನ್ನು ವರದಿ. ಪ್ರಯೋಗಾಲಯದವರು "ಸಾಮಾನ್ಯ" ಎಂದು ಮುದ್ರಿಸುವ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95ರಷ್ಟು ಜನರ ಅಂಕಿಗಳನ್ನು ಒಳಗೊಳ್ಳುವಂತೆ ಗೊತ್ತುಪಡಿಸಿರುತ್ತಾರೆ, ಉಳಿದ ಶೇ. 5ರಷ್ಟು ಜನ ಏನೂ ತಪ್ಪು ಮಾಡದೆಯೇ ಗೆರೆಯಾಚೆ ನಿಂತಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಬ್ಬ ಆರೋಗ್ಯವಂತನಿಗೆ ಮಾಡಿಸಿದರೆ, ಒಂದಾದರೂ ಗೆರೆ ದಾಟುವ ಸಂಭವ ಸುಮಾರು ಶೇ. 64. ಪರೀಕ್ಷೆಗಳ ಪ್ಯಾಕೇಜ್ ದೊಡ್ಡದಾದಷ್ಟೂ ದಪ್ಪಕ್ಷರಗಳು ಹೆಚ್ಚುವುದು ಹೀಗೆ. ಆ ದಪ್ಪಕ್ಷರ ಮೊಬೈಲಿಗೆ ಬಂದಿಳಿಯುವುದು ರಾತ್ರಿ ಹತ್ತೂವರೆಗೆ, ಅದನ್ನು ವಿವರಿಸಬಲ್ಲ ವೈದ್ಯರು ಸಿಗುವುದು ಎರಡು ವಾರದ ಮೇಲೆ. ನಡುವಿನ ಕಾಲದಲ್ಲಿ ಅಂತರ್ಜಾಲ ಆ ಮನುಷ್ಯನನ್ನು ಎರಡು ಬಾರಿ ಕೊಂದು ಒಮ್ಮೆ ಬದುಕಿಸಿರುತ್ತದೆ. ಕಡೆಗೆ ವೈದ್ಯರು ಕಾಗದದ ಮೇಲೆ ಕಣ್ಣಾಡಿಸಿ, "ಇದೇನೂ ಅಲ್ಲ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ" ಎನ್ನುತ್ತಾರೆ. ಏನೂ ಅಲ್ಲದ್ದನ್ನು ಇನ್ನೊಮ್ಮೆ ಏಕೆ ಮಾಡಿಸಬೇಕೆಂದು ಕೇಳುವುದು ಎರಡನೆಯ ತೊಂದರೆಯಾಗುತ್ತದೆ, ಫಲಕ ನೋಡಿ.

ಸಾಮಾನ್ಯ ಆರೋಗ್ಯ ತಪಾಸಣೆಗಳ ಬಗ್ಗೆ ನಡೆದ ಪ್ರಯೋಗಗಳನ್ನು, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವರದಿ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಜಾಲಾಡಿ, ಇವುಗಳಿಂದ ಒಟ್ಟಾರೆ ಮರಣ ಪ್ರಮಾಣ ಹೆಚ್ಚುಕಡಿಮೆ ಇಳಿಯುವುದೇ ಇಲ್ಲವೆಂದು ಹೇಳಿತು. ನಿರ್ದಿಷ್ಟ ರೋಗಕ್ಕೆ, ನಿರ್ದಿಷ್ಟ ವಯಸ್ಸಿನಲ್ಲಿ ಮಾಡುವ ತಪಾಸಣೆಗಳ ಮಾತು ಬೇರೆ. ಆದರೆ ಆ ಭೇದವನ್ನು ರೋಗಿಗೆ ತಿಳಿಸಿ ಹೇಳಲು ಐದು ನಿಮಿಷ ಬೇಕು, ಐವತ್ತು ಪರೀಕ್ಷೆಗಳಿಗೆ ಚೀಟಿ ಬರೆಯಲು ಐದು ಸೆಕೆಂಡು ಸಾಕು. ವೇಳೆಯ ಬೆಲೆ ಬಲ್ಲ ವ್ಯವಸ್ಥೆ ಯಾವುದನ್ನು ಆರಿಸಿಕೊಳ್ಳುತ್ತದೆ ಎಂಬುದು ಸ್ಪಷ್ಟ. ತೂಕ ಇಳಿಸಿ, ನಿದ್ದೆ ಮಾಡಿ, ಚಿಂತೆ ಬಿಡಿ ಎಂಬ ಉಪದೇಶ ಮಾತ್ರ ಪ್ರತಿಯೊಬ್ಬರಿಗೂ ಉಚಿತ.

ಇಷ್ಟಾದರೂ ಕೆಲವರಿಗೆ ಬುದ್ಧಿ ಬರುವುದಿಲ್ಲ. ಚೀಟಿ ಕೈಸೇರಿ, ಎದ್ದುನಿಂತು, ಬಾಗಿಲ ಹಿಡಿಗೆ ಕೈಯಿಟ್ಟ ಮೇಲೆ ಹಿಂದಿರುಗಿ, "ಡಾಕ್ಟ್ರೇ, ಇನ್ನೊಂದು ಮಾತು" ಎನ್ನುತ್ತಾರೆ. ಅವರು ಬಂದದ್ದೇ ಬಹುಮಟ್ಟಿಗೆ ಆ ಮಾತಿಗಾಗಿ ಎಂಬುದು ಅನುಭವಸ್ಥ ವೈದ್ಯರೆಲ್ಲರಿಗೂ ಗೊತ್ತು. ಮುಂದಿನ ಟೋಕನ್ ಸಂಖ್ಯೆ ಆಗಲೇ ಪರದೆಯ ಮೇಲೆ ಮಿನುಗುತ್ತಿರುತ್ತದೆ ಎಂಬುದೂ ಗೊತ್ತು.

ರೋಗಿ ಹೊರಬಿದ್ದ ಕೂಡಲೇ ಮೊಬೈಲಿಗೆ ಒಂದು ಸಂದೇಶ ಬರುತ್ತದೆ: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ, ನಿಮ್ಮ ಅನುಭವವನ್ನು ದಯವಿಟ್ಟು ವಿವರವಾಗಿ ಬರೆಯಿರಿ. ಇಡೀ ಭೇಟಿಯಲ್ಲಿ ಅವರನ್ನು ವಿವರವಾಗಿ ಹೇಳಿ ಎಂದು ಕೇಳಿಕೊಂಡದ್ದು ಇದೊಂದೇ ಸಲ, ಅಲ್ಲಿ ನಡುವೆ ಬಾಯಿ ಹಾಕುವವರೂ ಇಲ್ಲ. ಹೀಗಾಗಿ ಕೆಲವರು ಆ ಖಾಲಿ ಜಾಗದಲ್ಲಿ ಎದೆಯ ಎಡಗಡೆಯ ವಿಷಯವನ್ನೇ, ಅದು ಶುರುವಾದ ದಿನದಿಂದ ಹಿಡಿದು, ಸಾದ್ಯಂತವಾಗಿ ಬರೆದುಬಿಡುತ್ತಾರೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಉತ್ತರ ತಕ್ಷಣವೇ ಬರುತ್ತದೆ.