ದೊಡ್ಡ ಆಡಿಟ್ ಸಂಸ್ಥೆ ಮತ್ತು ನಮ್ಮ ಹಾಸನದ ಬಿ.ಕಾಂ ಮಕ್ಕಳು

ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ. ಕಂಪನಿಗಳ ಲೆಕ್ಕ ಪರಿಶೀಲಿಸುವ, ಅಂದರೆ ಆಡಿಟ್ ಮಾಡುವ ದೊಡ್ಡ ಸಂಸ್ಥೆಗಳಿವು. ಕಾಮರ್ಸ್ ಓದುವವರಿಗೆ ಈ ನಾಲ್ಕು ಹೆಸರು ಬಾಯಿಪಾಠ. ಆದರೆ ಇಂಥ ಕಡೆ ಒಳಗೆ ಏನು ಕೆಲಸ ನಡೆಯುತ್ತದೆ ಅಂತ ಹಾಸನದಲ್ಲಿ ನಮಗೆ ಕೂತು ಹೇಳಿದವರು ಯಾರೂ ಇರಲಿಲ್ಲ. ದೊಡ್ಡದೊಂದು ಆಡಿಟ್ ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿ ಈ ವರ್ಷ ಇಂಟರ್ನ್‌ಶಿಪ್ ಮುಗಿಸಿ ಬಂದಿದ್ದೇನೆ. ಬಂದಾಗಿನಿಂದ ಜೂನಿಯರ್‌ಗಳು ಕೇಳುವುದು ಒಂದೇ ಮಾತು: "ಅಕ್ಕಾ, ನಮ್ಮಂಥೋರಿಗೆ ಆಗುತ್ತಾ?"

ಆಗುತ್ತೆ. ಯಾಕೆ ಆಗುತ್ತೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಕೈಗೆ ಕೊಟ್ಟಿದ್ದು ಲ್ಯಾಪ್‌ಟಾಪ್, ಜೊತೆಗೆ ಒಂದಷ್ಟು ಫಾರಂ. ಒಂದರಲ್ಲಿ, ಸಂಸ್ಥೆ ಆಡಿಟ್ ಮಾಡುವ ಕಂಪನಿಗಳ ಷೇರು ನನ್ನ ಬಳಿ, ಮನೆಯವರ ಬಳಿ ಇದೆಯಾ ಅಂತ ಬರೆದುಕೊಡಬೇಕಿತ್ತು. ಅಪ್ಪನಿಗೆ ಫೋನ್ ಮಾಡಿದೆ. "ನಮ್ಮ ಸೊಸೈಟಿ ಷೇರು ಒಂದಿದೆಯಲ್ಲಮ್ಮ, ಅದನ್ನೂ ಹೇಳಬೇಕಾ?" ಅಂದರು. ನನಗೆ ಆ ಪ್ರಶ್ನೆ ಇಷ್ಟವಾಯಿತು. ಲೆಕ್ಕ ನೋಡುವವರಿಗೆ ಆ ಕಂಪನಿಯಲ್ಲಿ ಸ್ವಂತ ಪಾಲು ಇರಬಾರದು ಅನ್ನುವುದು ಅಪ್ಪನಿಗೆ ಎರಡೇ ಮಾತಿಗೆ ಅರ್ಥವಾಯಿತು.

ಆಮೇಲಿನ ಕೆಲಸದಲ್ಲಿ ಜಾಸ್ತಿ ಭಾಗ ವೋಚಿಂಗ್. ಕಂಪನಿ ಏನು ಆರ್ಡರ್ ಮಾಡಿತ್ತು, ಗೋದಾಮಿಗೆ ಎಷ್ಟು ಬಂತು, ಬಿಲ್ ಎಷ್ಟಕ್ಕೆ ಬಂತು, ಮೂರೂ ತಾಳೆ ಆಗುತ್ತಾ ನೋಡುವುದು. ಆಗದಿದ್ದರೆ ಕೇಳುವುದು. ಬೇಸರದ ಕೆಲಸ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಬ್ಯಾಂಕಿನಲ್ಲಿ ಇಷ್ಟು ದುಡ್ಡಿದೆ ಅಂತ ಕಂಪನಿ ಹೇಳಿದರೆ, ಆಡಿಟರ್ ಆ ಬ್ಯಾಂಕಿನಿಂದಲೇ ಉತ್ತರ ತರಿಸಿಕೊಳ್ಳುತ್ತಾರೆ. ಉತ್ತರ ಕಂಪನಿಯ ಕೈ ಸೇರದೆ ನೇರವಾಗಿ ಆಡಿಟರ್‌ಗೆ ಬರಬೇಕು. 2009ರ ಜನವರಿ 7ರಂದು ಸತ್ಯಂ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಲೆಕ್ಕದ ಮೋಸ ಒಪ್ಪಿಕೊಂಡಾಗ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಪರೀಕ್ಷೆಗೆ ಇದನ್ನು ಎಷ್ಟು ಸಲ ಓದಿದ್ದೆನೋ. ಒಂದು ಬ್ಯಾಂಕ್ ಪತ್ರ ಯಾರ ಇಮೇಲ್‌ನಿಂದ ಬಂದಿದೆ ಅಂತ ಸೀನಿಯರ್ ಅಕ್ಷರ ಅಕ್ಷರ ನೋಡುವುದನ್ನು ಪಕ್ಕದಲ್ಲಿ ಕೂತು ಕಂಡಾಗ ಅದು ನಿಜವಾಗಿ ತಲೆಗೆ ಹೋಯಿತು.

ಇನ್ನು ಸ್ಟಾಕ್ ಎಣಿಕೆ. ಮಾರ್ಚ್ ಕೊನೆಗೆ ನಮ್ಮ ತಂಡವನ್ನು ಮಲೆನಾಡಿನ ಒಂದು ಕಾಫಿ ಗೋದಾಮಿಗೆ ಕಳಿಸಿದರು. ಯಾರದು, ಎಲ್ಲಿ ಅಂತ ಬರೆಯುವ ಹಾಗಿಲ್ಲ, ಗುಟ್ಟು ಕಾಪಾಡುತ್ತೇನೆ ಅಂತ ಸಹಿ ಹಾಕಿದ್ದೇನೆ. ಎಣಿಕೆ ಎರಡು ದಿಕ್ಕಿನಲ್ಲಿ ನಡೆಯುತ್ತದೆ. ಮೊದಲು ಗೋದಾಮಿನ ಪಟ್ಟಿಯಿಂದ ಕೆಲವು ಲಾಟ್, ಅಂದರೆ ಮೂಟೆಗಳ ಗುಂಪು, ಆರಿಸಿ, ಆ ಮೂಟೆಗಳು ನಿಜವಾಗಿ ಇವೆಯಾ ಅಂತ ಹೋಗಿ ನೋಡಬೇಕು. ಆಮೇಲೆ ನೆಲದ ಮೇಲಿರುವ ಕೆಲವು ಲಾಟ್ ಆರಿಸಿ, ಅವು ಪಟ್ಟಿಯಲ್ಲಿವೆಯಾ ಅಂತ ಹುಡುಕಬೇಕು. ಮೊದಲನೆಯದರಲ್ಲಿ ಇಲ್ಲದ ಮಾಲು ಸಿಕ್ಕಿಬೀಳುತ್ತದೆ, ಎರಡನೆಯದರಲ್ಲಿ ಬರೆಯದೆ ಬಿಟ್ಟ ಮಾಲು. ಮೂಟೆ ಪೇರಿಸಿದ ಅಟ್ಟಿಯ ಮೇಲೆ ಹತ್ತಿಯೂ ನೋಡಬೇಕು. ಹೊರಗಿನ ಸಾಲು ಮಾತ್ರ ಎಣಿಸಿ ಗುಣಿಸಿದರೆ ಒಳಗೆ ಟೊಳ್ಳಿದ್ದರೂ ಗೊತ್ತಾಗಲ್ಲ.

ತಂಡದ ಉಳಿದವರು ಕಾಫಿಯನ್ನು ಲೋಟದಲ್ಲಿ ಮಾತ್ರ ಕಂಡವರು. ಅವರಿಗೆ ಎಲ್ಲ ಮೂಟೆಯೂ ಒಂದೇ. ಒಂದು ಅಟ್ಟಿಯ ಹತ್ತಿರ ನಾನು ಹಿಡಿಯಷ್ಟು ತೆಗೆದು ಅಲ್ಲಾಡಿಸಿದೆ, ಗಲಗಲ ಅಂತು. ಅದು ರೋಬಸ್ಟಾ ಜಾತಿಯ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಪಕ್ಕದ ಅಟ್ಟಿಯಲ್ಲಿ ಇದ್ದಿದ್ದು ಅರೇಬಿಕಾ ಜಾತಿಯ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ತೆಳು ಹೊಟ್ಟು ಮಾತ್ರ ಉಳಿದ ಬೀಜ. 50 ಕೆಜಿಯ ಚೆರ್ರಿ ಮೂಟೆಯಲ್ಲಿ ಸಿಪ್ಪೆಯೇ ಅರ್ಧದಷ್ಟು. ಕ್ಯೂರಿಂಗ್, ಅಂದರೆ ಸಿಪ್ಪೆ ಬಿಡಿಸಿ ಶುಚಿ ಮಾಡುವುದು, ಆದ ಮೇಲೆ ಸಿಗುವ ಬೀಜ ಸುಮಾರು 26-27 ಕೆಜಿ. ಪಾರ್ಚ್‌ಮೆಂಟ್ ಆದರೆ ಸುಮಾರು 40 ಕೆಜಿ. ಮೂಟೆ ಲೆಕ್ಕ ಸರಿಯಿದ್ದರೂ ಯಾವ ಮೂಟೆ ಅಂತ ಗೊತ್ತಿಲ್ಲದೆ ಬೆಲೆ ಕಟ್ಟಲು ಆಗಲ್ಲ. ಸೀನಿಯರ್ ನಿಂತು ಪೂರ್ತಿ ಕೇಳಿಸಿಕೊಂಡರು. ಎಷ್ಟು ಮಾಲಿಗೆ ಎಷ್ಟು ಬೀಜ ಸಿಕ್ಕಿತು ಅಂತ ಬರೆದಿಡುವ ಔಟ್‌ಟರ್ನ್ ರಿಜಿಸ್ಟರ್ ತರಿಸಿದರು. "ವರದಿಯಲ್ಲಿ ಈ ಪ್ಯಾರಾ ನೀನೇ ಬರಿ" ಅಂದರು. ಗೋದಾಮಿನ ಲೆಕ್ಕ ಬರೆಯುವ ರೈಟರು ಅಲ್ಲಿವರೆಗೆ ಮೇಡಂ, ಮೇಡಂ ಅನ್ನುತ್ತಿದ್ದವರು, "ಯಾವೂರಮ್ಮ ನಿಂದು?" ಅಂತ ಕೇಳಿದರು.

ನಾನು ಹೇಳಿದ್ದರಲ್ಲಿ ಪುಸ್ತಕದ್ದು ಏನೂ ಇರಲಿಲ್ಲ. ಸಕಲೇಶಪುರ, ಬೇಲೂರು, ಆಲೂರು ಕಡೆಯ ಯಾವ ಬೆಳೆಗಾರರ ಮಗುವನ್ನು ನಿಲ್ಲಿಸಿದ್ದರೂ ಇದನ್ನೇ ಹೇಳುತ್ತಿತ್ತು. ಈ ತಿಳಿವಳಿಕೆಗೂ ಬೆಲೆ ಇದೆ ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ. ಅದಕ್ಕೇ ನನಗೆ ನೋವು.

ನಮ್ಮ ಪಾಠವನ್ನೇ ನೋಡಿ. ಆದಾಯ ತೆರಿಗೆ ನಿಯಮಗಳಲ್ಲಿ ಕಾಫಿಗೆ ಅಂತಲೇ ಒಂದಿದೆ. ಬೆಳೆಗಾರರು ತಾವೇ ಬೆಳೆದು, ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ 25% ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ 40%. ಅರ್ಧ ಕ್ಲಾಸಿನ ಮನೆಗಳಲ್ಲಿ ತೋಟ ಇರುವ ಜಿಲ್ಲೆಯಲ್ಲಿ ಇದು ಒಂದು ಸಾಲಿನಲ್ಲಿ ಮುಗಿದು ಹೋಗುತ್ತದೆ!

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಕೆಲಸದ ಇಂಗ್ಲಿಷ್ ಚಿಕ್ಕದು, ಅದೇ ಪದಗಳು ತಿರುಗಿ ತಿರುಗಿ ಬರುತ್ತವೆ. ಎಕ್ಸೆಲ್ ಮಾತ್ರ ಚೆನ್ನಾಗಿ ಬರಬೇಕು. ರಾತ್ರಿ ತಡವಾಗುತ್ತದೆ, ಅದನ್ನು ಮುಚ್ಚಿಡಲ್ಲ. ಲಿಸ್ಟೆಡ್, ಅಂದರೆ ಷೇರುಪೇಟೆಯಲ್ಲಿರುವ ಕಂಪನಿಗಳ ವರ್ಷದ ಲೆಕ್ಕ ಮೇ ಕೊನೆಯೊಳಗೆ ಹೊರಬರಬೇಕು. ಆ ಭಾರವೆಲ್ಲ ಕಿರಿಯರ ಮೇಲೆ ಬೀಳುತ್ತದೆ. ಅದು ಸರಿಯಲ್ಲ ಅಂತ ಅಲ್ಲಿದ್ದಾಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ನಿಜವಾದ ಅಡ್ಡಿ ಬೇರೆ. ಈ ಸಂಸ್ಥೆಗಳು ಬೆಂಗಳೂರಿನ ಕೆಲವು ಕಾಲೇಜುಗಳಿಗೆ ತಾವೇ ಬಂದು ಆರಿಸಿಕೊಂಡು ಹೋಗುತ್ತವೆ. ನಮ್ಮ ಕಡೆಗೆ ಬರುವುದು ತೀರಾ ಕಮ್ಮಿ. ನಾವು ಪರಿಚಯದವರನ್ನು ಹಿಡಿದು, ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಉತ್ತರಕ್ಕೆ ಕಾಯುತ್ತಾ ಕೂರಬೇಕು. ಇನ್ನೊಂದು ದುಡ್ಡು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ರೈಲು ಬಂದ ಮೇಲೆ ಬೆಂಗಳೂರು ದೂರ ಅನ್ನಿಸಲ್ಲ. ಆದರೆ ಮೊದಲ ಸ್ಟೈಪೆಂಡ್ ಕೈಗೆ ಬರುವ ಮುಂಚೆಯೇ ಪಿಜಿ ಅಡ್ವಾನ್ಸ್, ಬಾಡಿಗೆ, ಊಟ ಎಲ್ಲ ಆಗಬೇಕಲ್ವಾ? ಆಯ್ಕೆಯಾಗಿಯೂ ಇದೇ ಕಾರಣಕ್ಕೆ ಹೋಗದವರು ನನ್ನ ಕ್ಲಾಸಿನಲ್ಲೇ ಇದ್ದಾರೆ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000 ರೂಪಾಯಿ ಅಂತ ಹೇಳಿತು, ಆದರೆ ಪೂರ್ಣಾವಧಿ ಓದುತ್ತಿರುವವರನ್ನು ಹೊರಗಿಟ್ಟಿತು.

ಸಂಸ್ಥೆಗಳು ಮೊದಲ ತಿಂಗಳ ದುಡ್ಡನ್ನು ಮುಂಗಡ ಕೊಟ್ಟರೆ ಸಾಕು, ಎಷ್ಟೋ ಮಕ್ಕಳು ಹೊರಡುತ್ತಾರೆ. ಕಾಲೇಜುಗಳಿಗೂ ಒಂದು ಮಾತು. ಪರಿಚಯದ ಅಂಗಡಿಯಿಂದ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಬರೆಸಿ ತಂದರೆ ಅದಕ್ಕೆ ಅಂಕ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಕಲಿಯಲು ಇಲ್ಲೇ ಬೇಕಾದಷ್ಟಿದೆ. ಹಾಸನ ಹಾಲು ಒಕ್ಕೂಟಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆ ಸೇರುತ್ತವೆ. ಊರಿನ ಡೈರಿಯಲ್ಲಿ ದಿನಕ್ಕೆ ಎರಡು ಹೊತ್ತು ಲೀಟರ್, ಫ್ಯಾಟ್ ಬರೆದುಕೊಳ್ಳುತ್ತಾರೆ, ಅದರ ಮೇಲೆ ದುಡ್ಡು ಕೊಡುತ್ತಾರೆ. ಆ ಪುಸ್ತಕ ಹಿಡಿದು ಒಂದು ತಿಂಗಳ ಬಟವಾಡೆ ತಾಳೆ ನೋಡಿದ ವಿದ್ಯಾರ್ಥಿಗೆ ವೋಚಿಂಗ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. 2023ರ ಬದಲಾವಣೆಯಲ್ಲಿ ಸಿಎ ಆರ್ಟಿಕಲ್‌ಶಿಪ್, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗುವವರ ಕಡ್ಡಾಯ ತರಬೇತಿ, ಕೂಡ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಮುಂಚೆಯೇ ಕೈ ಪಳಗಿದ್ದರೆ ಒಳ್ಳೆಯದು.

ಹಾಸನ, ಚಿಕ್ಕಮಗಳೂರು ಕಡೆಯ ಸಿಎಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಮಾರ್ಚ್‌ನಲ್ಲಿ ಸ್ಟಾಕ್ ಎಣಿಸಲು ಹೊರಟಾಗ, ಗೋದಾಮಿನ ಕಂಪನಿಯವರ ಒಪ್ಪಿಗೆ ಕೇಳಿ, ಹತ್ತಿರದ ಕಾಲೇಜಿನ ಒಬ್ಬಿಬ್ಬರು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಒಪ್ಪುವವರು ಕೆಳಗೆ ತಿಳಿಸಿ, ನಮ್ಮ ಕಾಲೇಜಿನ ಕಾಮರ್ಸ್ ವಿಭಾಗದವರ ಹತ್ತಿರ ನಾನೇ ಮಾತಾಡುತ್ತೇನೆ. ಅರ್ಜಿ ಹಾಕಬೇಕು ಅಂತಿರುವ ಜೂನಿಯರ್‌ಗಳು ರೆಸ್ಯೂಮೆ ಕಳಿಸಿ. ಮನೆಯ ತೋಟ, ಅಂಗಡಿ, ಡೈರಿ ಲೆಕ್ಕ ಬರೆದ ಅನುಭವ ಇದ್ದರೆ ಅದನ್ನೂ ಮರೆಯದೆ ಸೇರಿಸಿ.