ಯಾಕ್ರೀ ಹೆಗಡೇರೆ, ಮೂರು ದಿನ ಕಾಣ್ಲೇ ಇಲ್ಲ?

ಮೊನ್ನೆ ಜ್ವರ ಬಂದು ಮೂರು ದಿನ ಇಲ್ಲಿ ಕಾರವಾರದ ಬೀಚ್ ಕಡೆ ಬೆಳಗಿನ ವಾಕಿಂಗಿಗೆ ತಲೆ ಹಾಕ್ಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಆರೂಕಾಲಿಗೆ ಗೇಟಿನ ಹತ್ರ ಯಾರೋ ಕೆಮ್ಮಿದ ಸದ್ದು. ಬಾಗಿಲು ತೆಗೆದ್ರೆ ನನ್ನ ಜೊತೆ ದಿನಾ ನಡಿಯೋ ನಮ್ಮ ಮಾಸ್ತರ್ರು, ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಚಪ್ಪಲಿ (ಮಳೆನೀರಿಗೆ ಚಪ್ಪಲಿ ಹಾಳಾಗ್ತದೆ ಅಂತ ಬರಿಗಾಲಲ್ಲೇ ನಡಿಯೋ ಜನ ಅವ್ರು). “ಯಾಕ್ರೀ ಹೆಗಡೇರೆ, ಮೂರು ದಿನ ಕಾಣ್ಲೇ ಇಲ್ಲ? ಇದೀರೋ ಇಲ್ವೋ ನೋಡ್ಕೊಂಡು ಹೋಗೋಣ ಅಂತ ಬಂದೆ” ಅಂದ್ರು. ಎಪ್ಪತ್ತಾರು ವರ್ಷ ಅವ್ರಿಗೆ, ನನ್ನನ್ನ ‘ಇದೀರೋ ಇಲ್ವೋ’ ಅಂತ ಕೇಳ್ತಾರೆ!

ಅಷ್ಟೊತ್ತಿಗೆ ಫೋನ್ ಕೂಡ ಟಿಣ್ ಅಂತು. ಸ್ಟೆಪ್ಸ್ ಎಣಿಸೋ ಆ್ಯಪು, ಮೂರು ದಿನದಿಂದ ಗುರಿ ಮುಟ್ಟಿಲ್ಲ ಅಂತ. ಲೆಕ್ಕಕ್ಕೆ ಇಬ್ರೂ ಕೇಳಿದ್ದು ಒಂದೇ ಪ್ರಶ್ನೆ. ಆದ್ರೆ ಆ್ಯಪನ್ನ ಬೆರಳಲ್ಲಿ ಸರಿಸಿದ್ರೆ ಮಾಯ, ಮಾಸ್ತರ್ರನ್ನ ಹಾಗೆ ಸರಿಸೋಕಾಗ್ತದಾ? ಒಳಗೆ ಬಂದು ಕೂತು ಚಾ ಕುಡ್ದು, ನನ್ನ ಹಣೆ ಮುಟ್ಟಿ ನೋಡಿ, ಕಷಾಯಕ್ಕೆ ಕಾಳುಮೆಣಸು ಎಷ್ಟು ಹಾಕ್ಬೇಕು ಅಂತ ನನ್ನ ಹೆಂಡತಿ ಹತ್ರ ಅರ್ಧ ತಾಸು ವಾದ ಮಾಡಿ ಏಳೂವರೆಗೆ ಎದ್ದು ಹೋದ್ರು. ಜ್ವರ ಅರ್ಧ ಅಲ್ಲೇ ಇಳೀತು ಅಂದ್ರೆ ನೀವು ನಂಬೋದಿಲ್ಲ, ಬಿಡಿ.

ಇದನ್ನ ಯಾಕೆ ಬರೀತಿದೀನಿ ಅಂದ್ರೆ, ಇತ್ತೀಚೆಗೆ ಫೇಸ್‌ಬುಕ್ ತೆಗೆದ್ರೆ ಸಾಕು, ನಾಲ್ಕು ಗಂಟೆಗೆ ಏಳಿ, ತಣ್ಣೀರು ಸ್ನಾನ ಮಾಡಿ, ಡೈರಿ ಬರೀರಿ, ಪಾಸಿಟಿವ್ ಆಗಿ ಇರಿ, 21 ದಿನ ಬಿಡದೇ ಮಾಡಿದ್ರೆ ಅಭ್ಯಾಸ ಆಗೇ ಆಗ್ತದೆ ಅಂತ ಒಂದೇ ಸಮನೆ ಉಪದೇಶ. ಎಲ್ಲಾ ಒಬ್ಬನೇ ಕೂತು, ಮನಸ್ಸು ಗಟ್ಟಿ ಮಾಡ್ಕೊಂಡು ಮಾಡೋ ಕೆಲಸಗಳು. ನನಗೆ ಮನಸ್ಸು ಗಟ್ಟಿ ಇಲ್ಲ ಮಾರಾಯ್ರೆ. ಇದ್ದಿದ್ರೆ ಐವತ್ತೆರಡು ವರ್ಷಕ್ಕೆ ಈ ಹೊಟ್ಟೆ ಯಾಕೆ ಇರ್ತಿತ್ತು.

ನನ್ನ ಕಥೆ ಶುರುವಾಗಿದ್ದು ಆಫೀಸಲ್ಲಿ ರಕ್ತದಾನ ಶಿಬಿರ ಇಟ್ಟ ದಿನ. ಎಲ್ಲರಿಗಿಂತ ಮುಂದೆ ಹೋಗಿ ತೋಳು ಮಡಚಿ ಕೂತೆ. ಆ ಹುಡುಗಿ ಬಿಪಿ ನೋಡಿದಳು, ಇನ್ನೊಮ್ಮೆ ನೋಡಿದಳು, ಆಮೇಲೆ ಮೆಲ್ಲಗೆ “ಸರ್, ರಕ್ತ ಕೊಡೋದು ಆಮೇಲೆ, ಮೊದ್ಲು ನೀವೇ ಡಾಕ್ಟ್ರನ್ನ ನೋಡಿ” ಅಂದಳು. 164/104. ಡಾಕ್ಟ್ರು ಮಾತ್ರೆ ಬರೆದುಕೊಟ್ಟು, ನಡೀರಿ, ನಿದ್ರೆ ಮಾಡಿ, ಉಪ್ಪು ಕಮ್ಮಿ ಮಾಡಿ ಅಂದ್ರು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಇರ್ಬೇಕಂತೆ ಉಪ್ಪು, ಅಂದ್ರೆ ಒಂದು ಚಾ ಚಮಚ. ಶಿರಸಿ ಕಡೆಯವನಿಗೆ, ಅದೂ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ದೆ ಮಜ್ಜಿಗೆ ಅನ್ನ ಗಂಟಲಲ್ಲಿ ಇಳಿಯದವನಿಗೆ ಹೇಳೋ ಮಾತಾ ಇದು! ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಸರಿ ಅಂತ ಶೂ ತಗೊಂಡೆ, ಕೈಗೆ ವಾಚು, ಫೋನಿಗೆ ಆ್ಯಪು. ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಈ ಹತ್ತು ಸಾವಿರದ ಲೆಕ್ಕ ಯಾವ ಡಾಕ್ಟ್ರು ಹುಡುಕಿದ್ದೂ ಅಲ್ಲ ಅಂತ ಆಮೇಲೆ ಓದಿದೆ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸೋ ಯಂತ್ರ ಮಾರಾಟಕ್ಕೆ ಬಿಡ್ತು, ಅದರ ಹೆಸರೇ ‘ಮಾನ್ಪೊ-ಕೇ’, ಅಂದ್ರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರೋಕೆ ಇಟ್ಟ ಹೆಸರು ಜಗತ್ತಿಗೆಲ್ಲಾ ವೇದವಾಕ್ಯ ಆಗೋಯ್ತು. ನಾನು 19 ದಿನ ನಡೆದೆ. ಇಪ್ಪತ್ತನೇ ದಿನ ಮಳೆ, ಇಪ್ಪತ್ತೊಂದನೇ ದಿನ ಸೋಮಾರಿತನ, ಆಮೇಲೆ ಶೂ ಒಳಗೆ ಜಿರಳೆ ಸಂಸಾರ ಹೂಡ್ತು.

21 ದಿನದ್ದೂ ಅದೇ ಕಥೆ. ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಪ್ಲಾಸ್ಟಿಕ್ ಸರ್ಜನ್ ಇದ್ದ. ಆಪರೇಷನ್ ಆದವ್ರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ಕಮ್ಮಿ ಅಂದ್ರೂ ಒಂದು 21 ದಿನ ಬೇಕು ಅಂತ 1960ರಲ್ಲಿ ಬರೆದ. ಆ ‘ಕಮ್ಮಿ ಅಂದ್ರೂ’ ಎಲ್ಲೋ ಉದುರಿಹೋಗಿ 21 ಮಾತ್ರ ಉಳ್ಕೊಂಡ್ತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಅನ್ನೋರ ತಂಡ 96 ಜನರನ್ನ 12 ವಾರ ಹಿಂದೆ ಬಿದ್ದು ನೋಡಿದಾಗ ಅಭ್ಯಾಸ ಕೂರೋಕೆ ಸರಾಸರಿ 66 ದಿನ ಬೇಕು ಅಂತ ಕಂಡಿತಂತೆ, ಅದೂ ಜನರ ಮೇಲೆ ಹೋಗ್ತದೆ, ಯಾರಿಗೋ 18, ಯಾರಿಗೋ 254 ದಿನದ ಲೆಕ್ಕ. ನಡುವೆ ಒಂದು ದಿನ ತಪ್ಪಿದ್ರೆ ಏನೂ ಮುಳುಗೋದಿಲ್ಲ ಅನ್ನೋದೂ ಅದರಲ್ಲೇ ಇತ್ತು. ಇದು ಮೊದ್ಲೇ ಗೊತ್ತಿದ್ರೆ ಆ ಇಪ್ಪತ್ತನೇ ದಿನ ನನ್ನನ್ನೇ ನಾನು ಅಷ್ಟು ಬೈಕೊಳ್ತಿರಲಿಲ್ಲ.

ಮಾಸ್ತರ್ರು ಸಿಕ್ಕಿದ್ದು ಅದಾದ ಎರಡು ತಿಂಗಳಿಗೆ, ಟಾಗೋರ್ ಬೀಚಲ್ಲಿ. ನಾನು ನಡಿಯೋಕೆ ಹೋದವನಲ್ಲ, ಭಾನುವಾರದ ಸಂತೆಗೆ ಬಂದವನು ಬಿಸಿಲಿಗೆ ಸುಸ್ತಾಗಿ ಬೆಂಚಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೂತವ್ರು ಮಾತಾಡ್ಸಿದ್ರು, ಹೆಂಡತಿ ತೀರಿಕೊಂಡ ಮೇಲೆ ಬೆಳಿಗ್ಗೆ ಒಬ್ಬರಿಗೇ ಚಾ ಮಾಡ್ಕೊಳ್ಳೋಕೆ ಬೇಜಾರು ಅಂತ ಇಲ್ಲಿಗೆ ಬರ್ತೀನಿ ಅಂದ್ರು. ನಾಳೆ ಆರು ಗಂಟೆಗೆ, ಬೀಚಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದಾರಲ್ಲ, ಆ ಚಪಲ್ ಯುದ್ಧನೌಕೆ ಹತ್ರ ನಿಂತಿರ್ತೀನಿ ಬನ್ನಿ ಅಂದ್ರು. ಅಷ್ಟೇ. ಮಾರನೇ ದಿನ ಎಚ್ಚರ ಆದಾಗ ನನ್ನ ತಲೇಲಿ ಬಂದಿದ್ದು ಬಿಪಿ ಅಲ್ಲ, ಹೆಜ್ಜೆ ಅಲ್ಲ, ಒಬ್ಬ ವಯಸ್ಸಾದ ಮನುಷ್ಯ ಹಡಗಿನ ಕೆಳಗೆ ಕಾಯ್ತಾ ನಿಂತಿದಾರೆ ಅನ್ನೋದು. ಎದ್ದೆ. ಈಗ ನಾಲ್ಕು ವರ್ಷ ಆಯ್ತು. ಎಷ್ಟು ನಡೀತೀವೋ ಎಣಿಸಿಲ್ಲ, ಅವ್ರು ಟಾಗೋರರ ಕಥೆ ಶುರು ಮಾಡಿದ್ರೆ ನಿಂತ್ಕೊಂಡೇ ಅರ್ಧ ತಾಸು ಹೋಗ್ತದೆ. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದಾಗ ಆ ಹುಡುಗ ಬಂದಿದ್ದು, ಬೆಳದಿಂಗಳಲ್ಲಿ ಕಾಳಿ ನದೀಲಿ ದೋಣಿ ಹತ್ತಿ ಹೋಗಿದ್ದು, ತಿರುಗಿ ಮರಳ ಮೇಲೆ ನಡ್ಕೊಂಡೇ ಬಂದಿದ್ದು. ನೂರು ಸಲ ಕೇಳಿದೀನಿ. ಪ್ರತಿ ಸಲ ಬೆಳದಿಂಗಳು ಸ್ವಲ್ಪ ಜಾಸ್ತಿ ಆಗ್ತಾ ಇದೆ ಅಂತ ನನ್ನ ಗುಮಾನಿ.

ಇನ್ನು ಕವಳದ (ಎಲೆ-ಅಡಿಕೆಗೆ ನಮ್ಮ ಕಡೆ ಹೇಳೋದು ಹಾಗೆ) ವಿಷಯ. ಇದನ್ನ ಬರೆದ್ರೆ ಊರಲ್ಲಿ ನಾಲ್ಕು ಜನ ಬೈತಾರೆ, ಬೈಲಿ. ನಾನು ಅಡಿಕೆ ತೋಟದ ಮನೆ ಹುಡುಗ, ನನ್ನ ಕಾಲೇಜ್ ಫೀಸು, ತಂಗಿ ಮದುವೆ, ಎಲ್ಲಾ ಅಡಿಕೇದೇ ದುಡ್ಡು. 2019ರಲ್ಲಿ ಶಿರಸಿ ಸುಪಾರಿಗೆ ಜಿಐ ಟ್ಯಾಗ್ ಸಿಕ್ಕಾಗ ಸ್ಟೇಟಸ್ ಹಾಕಿ ಕುಣಿದವನು ನಾನೇ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದೀಲೇ ಅಡಿಕೆಯನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಹಾಕದ ಕವಳಾನೂ ಅದರಲ್ಲಿದೆ. ಎರಡೂ ನಿಜ. ಎರಡನ್ನೂ ಒಂದೇ ಬಾಯಲ್ಲಿ ಹೇಳೋದು ಕಷ್ಟ, ಆ ಬಾಯಲ್ಲಿ ಕವಳ ಇದ್ರಂತೂ ಇನ್ನೂ ಕಷ್ಟ. ನಮ್ಮ ಚಿಕ್ಕಪ್ಪ ಬಾಯಿ ಹುಣ್ಣು ಅಂತ ಶುರುವಾಗಿ ಒಂದೂವರೆ ವರ್ಷದಲ್ಲಿ ಹೋದ. ಅವನ ಕೊನೇ ದಿನಗಳನ್ನ ನೋಡಿದೀನಿ, ಬರೆಯೋದಿಲ್ಲ.

ಅಷ್ಟು ನೋಡಿಯೂ ದಿನಕ್ಕೆ ಹನ್ನೆರಡು ಕವಳ ಹಾಕ್ತಿದ್ದೆ ನಾನು. ಬಿಡಿಸಿದ್ದು ಆ ವರದಿ ಅಲ್ಲ, ಆಯಿ, ಅಂದ್ರೆ ನಮ್ಮಮ್ಮ. ದಿನಾ ರಾತ್ರಿ ಎಂಟೂವರೆಗೆ ಊರಿಂದ ಫೋನ್ ಮಾಡ್ತು. ಮೊದ್ಲೆಲ್ಲಾ “ತಮಾ, ಊಟ ಆತಾ? ಮಳೆ ಬತ್ತಾ ಇದ್ದಾ?” ಅಷ್ಟೇ ಇತ್ತು, ಚಿಕ್ಕಪ್ಪ ಹೋದ ಮೇಲೆ ಮೂರನೇ ಪ್ರಶ್ನೆ ಸೇರ್ತು, “ಇವತ್ತು ಎಷ್ಟು ಹಾಕಿದೆ?” ಆಯಿಗೆ ಸುಳ್ಳು ಹೇಳೋಕೆ ಬರೋದಿಲ್ಲ ನನಗೆ. ಹನ್ನೆರಡು ಅಂದೆ. ಬೈಲಿಲ್ಲ, ಉಪದೇಶ ಇಲ್ಲ, “ಹಂ” ಅಂತು. ಮಾರನೇ ದಿನ ಮತ್ತೆ ಕೇಳ್ತು, ಹನ್ನೊಂದು ಅಂದೆ. ಆ “ಹಂ” ಇದೆಯಲ್ಲ, ಅದರ ತೂಕ ಕಮ್ಮಿ ಆಗ್ಲಿ ಅಂತಾನೇ ಒಂದೊಂದಾಗಿ ಇಳಿಸ್ತಾ ಬಂದೆ, ಏಳು ತಿಂಗಳು ಬೇಕಾಯ್ತು. ನಡುವೆ ತಲೆನೋವು, ಸಿಟ್ಟು, ಆಫೀಸಲ್ಲಿ ಸಣ್ಣ ಮಾತಿಗೂ ಜಗಳ. ಇದರಲ್ಲಿ ತಮಾಷೆ ಅಂದ್ರೆ ಪ್ರಶ್ನೆ ಕೇಳೋ ಹೊತ್ತಿಗೆ ಆ ಕಡೆಯಿಂದ ಟಕ್ ಟಕ್ ಅಂತ ಸದ್ದು ಕೇಳ್ತಿತ್ತು, ಹಲ್ಲಿಲ್ಲದ ಆಯಿ ಕುಟ್ಟಾಣೀಲಿ ತನ್ನ ಕವಳ ಕುಟ್ಟತಾ ಇತ್ತು!

ಊರಿಗೆ ಹೋದ್ರೆ ಈಗಲೂ ಕಷ್ಟ ಇದೆ. ಜಗಲಿ ಹತ್ತಿದ ಕೂಡ್ಲೇ ಆಸ್ರಿಗೆ (ಬಾಯಾರಿಕೆಗೆ ಕುಡಿಯೋಕೆ ಏನಾದ್ರೂ), ಆಮೇಲೆ ಕವಳದ ಹರಿವಾಣ ಮುಂದೆ ಬರ್ತದೆ. ಬೇಡ ಅಂದ್ರೆ ಮನೆಯನ್ನೇ ಬೇಡ ಅಂದಂಗೆ. ಒಂದು ಎಲೆ ತಗೊಂಡು ಮಡಚಿ ಬಾಯಿಗಿಟ್ಟು ಸುಮ್ನಾಗ್ತೀನಿ, ಅವರ ಮಾನವೂ ಉಳೀತು, ನನ್ನ ಬಾಯೂ ಉಳೀತು.

ನಿದ್ರೆಯದ್ದು ಬೇರೆ ಕಥೆ. 2024ರ ಮಳೆಗಾಲ ನಮ್ಮ ಜಿಲ್ಲೆಯವ್ರಿಗೆ ಯಾರಿಗೂ ಮರೆಯೋದಿಲ್ಲ. ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸೀತು. ಊರಿಗೆ ಹೋಗೋಕೆ ತಿಂಗಳಿಗೆ ಎರಡು ಸಲ ಅದೇ ದಾರಿ ನಂದು. ಕೊಚ್ಚಿಹೋದವ್ರನ್ನ ಗಂಗಾವಳಿ ನದೀಲಿ ಹುಡುಕ್ತಾನೇ ಇದ್ರು, ನಾನು ಫೋನಲ್ಲಿ ನೋಡ್ತಾನೇ ಇದ್ದೆ, ರಾತ್ರಿ ಒಂದು, ಎರಡು, ಮೂರು. ಕಣ್ಣು ಮುಚ್ಚಿದ್ರೆ ಕೆಂಪು ಮಣ್ಣು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿದ್ದಾಗಲೂ ಹಾಗೇ ಎಚ್ಚರ ಇದ್ದೆ, ಕೋಡಿಬಾಗದಲ್ಲಿ ನಮ್ಮನೆ, ಸೇತುವೆ ಕೂಗಳತೆ ದೂರ, ಆದ್ರೂ ಸುದ್ದಿ ತಿಳಿದಿದ್ದು ವಾಟ್ಸಾಪಲ್ಲಿ. ಸೇತುವೆ ಜೊತೆ ನೀರಿಗೆ ಬಿದ್ದ ಲಾರಿಯ ಡ್ರೈವರ್ ಬದುಕಿ ಬಂದ ಅಂತ ಗೊತ್ತಾದ ಮೇಲೂ ಬೆಳಗಿನವರೆಗೆ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಮಾರನೇ ವಾರ ಹೆಂಡತಿ ಕೇಳಿದಳು, “ರಾತ್ರಿ ಎರಡು ಗಂಟೆಗೆ ನೀವು ನೋಡಿದ್ರಿಂದ ಅಲ್ಲಿ ಯಾರಿಗೆ ಎಂತ ಆಯ್ತು?” ಉತ್ತರ ಇರಲಿಲ್ಲ. ಅವತ್ತಿಂದ ಒಂಬತ್ತೂವರೆಗೆ ಎರಡೂ ಫೋನು ಅಡುಗೆಮನೆ ಅಕ್ಕಿ ಡಬ್ಬದ ಮೇಲೆ. ನಾನು ನೀರು ಕುಡಿಯೋ ನೆಪದಲ್ಲಿ ಎದ್ರೆ ಕತ್ತಲಲ್ಲೇ ಕೇಳ್ತಾಳೆ, “ಅಕ್ಕಿ ಬೇಕಿತ್ತಾ?”

ಹಾಗಂತ ಊರವ್ರು ಕೇಳೋದೆಲ್ಲಾ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಮಗಳಿಗೆ ಎಲ್ಲೂ ಆಗ್ಲಿಲ್ವಾ, ಪ್ಯಾಕೇಜ್ ಎಷ್ಟು, ಮನೆ ಯಾವಾಗ ಕಟ್ಟಿಸ್ತೀರಿ, ಇದೂ ಪ್ರಶ್ನೇನೇ. ಇದನ್ನ ಕೇಳಿಸ್ಕೊಂಡು ಬಂದ ದಿನ ನನ್ನ ಬಿಪಿ ನೋಡಿದ್ರೆ ಮಿಷನ್ನೇ ಹೆದರ್ತದೆ. ‘ಯಾಕೆ ಬರ್ಲಿಲ್ಲ’ ಅನ್ನೋದು ಬೇರೆ, ‘ಎಷ್ಟು ಬರ್ತದೆ’ ಅನ್ನೋದು ಬೇರೆ. ಮಗಳು ಬೆಂಗಳೂರಿಗೆ ಹೋಗಿದ್ದೇ ಈ ಎರಡನೇ ನಮೂನೆ ಪ್ರಶ್ನೆಗೆ ಬೇಸತ್ತು. ಅವಳು ಹೇಳೋದು ಸರಿ ಅಂತ ಒಪ್ತೀನಿ. ಆದ್ರೆ ಹೋದ ವರ್ಷ ಪಿಜೀಲಿ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದಾಗ ಪಕ್ಕದ ಕೋಣೆಯವ್ರಿಗೂ ಗೊತ್ತಾಗಿರಲಿಲ್ಲ, ನಮಗೂ ಹೇಳಿರಲಿಲ್ಲ. ಆಮೇಲೆ ಅವಳೇ ಒಂದು ಉಪಾಯ ಕಂಡ್ಕೊಂಡಿದಾಳೆ: ದಿನಾ ಬೆಳಿಗ್ಗೆ ಒಂದೇ ಗಾಡಿಯಲ್ಲಿ ಇಡ್ಲಿ ತಿನ್ನೋದು, ಎಷ್ಟೇ ಆ್ಯಪಲ್ಲಿ ಆಫರ್ ಇರ್ಲಿ. ಈಗ ಎರಡು ದಿನ ಹೋಗದಿದ್ರೆ ಇಡ್ಲಿ ಅಣ್ಣ “ಏನಮ್ಮ, ಊರಿಗ್ಹೋಗಿದ್ದಾ?” ಅಂತಾನಂತೆ. ನನಗೆ ಅವಳ ಸಂಬಳಕ್ಕಿಂತ ಆ ಇಡ್ಲಿ ಗಾಡಿ ಧೈರ್ಯ ಕೊಟ್ಟಿದೆ.

ಅಮೆರಿಕದ ಹಾರ್ವರ್ಡ್ ಯೂನಿವರ್ಸಿಟಿಯವ್ರು 1938ರಿಂದ ಜನರ ಇಡೀ ಆಯುಷ್ಯಾನೇ ಹಿಂಬಾಲಿಸಿಕೊಂಡು ಬಂದು, ಒಳ್ಳೇ ಸಂಬಂಧ ಇದ್ದವ್ರೇ ವಯಸ್ಸಾದ ಮೇಲೂ ಗಟ್ಟಿ ಇರ್ತಾರೆ ಅಂತ ಹೇಳಿದಾರೆ. ಒಳ್ಳೇದು. ಭಾನುವಾರದ ಸಂತೇಲಿ ನನಗೆ ಹರಿವೆ, ಬಸಲೆ ಕೊಡೋ ಹಾಲಕ್ಕಿ ಸಮುದಾಯದ ಅಜ್ಜಿ ಎರಡು ವಾರ ಕಾಣದೇ ಇದ್ದಾಗ ಪಕ್ಕದವ್ರ ಹತ್ರ ಎಲ್ಲಿ ಅಂತ ಕೇಳಿದ್ದೆ, ಅಷ್ಟೇ. ಮೂರನೇ ವಾರ ಬಂದವಳು “ನನ್ನ ಕೇಳಿದ್ರಂತಲ್ರಾ” ಅಂತ ನಕ್ಕು, ದುಡ್ಡಿಲ್ದೇ ಒಂದು ಕಟ್ಟು ಹರಿವೆ ಜಾಸ್ತಿ ಹಾಕಿದಳು. ಮೊಣಕಾಲು ನೋವಂತೆ. ಈಗ ನಾನು ಪ್ರತಿ ವಾರ ಮೊಣಕಾಲು ಕೇಳ್ತೀನಿ, ಅವಳು ನನ್ನ ಬಿಪಿ ಕೇಳ್ತಾಳೆ, ಹಿಂದೆ ನಿಂತವ್ರಿಗೆ ಸಿಟ್ಟು ಬರ್ತದೆ.

ಬಿಪಿ ಈಗ 130/84ರ ಹತ್ರ ಇದೆ. ಮಾತ್ರೆ ಬಿಟ್ಟಿಲ್ಲ, ನೀವೂ ಯಾರೂ ಈ ಬರಹ ಓದಿ ಬಿಡ್ಬೇಡಿ.

ಉಪ್ಪಿನಕಾಯಿ ವಿಷಯ ಆಮೇಲೆ ಅಂದಿದ್ನಲ್ಲ. ಆಯಿಗೆ ಬಿಪಿಯದ್ದು ಇಷ್ಟು ವರ್ಷ ಆದ್ರೂ ಹೇಳಿಲ್ಲ. ಹೇಳಿದ್ರೆ ಎಂಟೂವರೆಗೆ ನಾಲ್ಕನೇ ಪ್ರಶ್ನೆ ಸೇರ್ತದೆ, ಅದಕ್ಕೂ ಸುಳ್ಳು ಹೇಳೋಕಾಗೋದಿಲ್ಲ. ನಿನ್ನೆ ಫೋನಲ್ಲಿ ಹೇಳ್ತು, ಈ ವರ್ಷ ಮಿಡಿ ಚೊಲೋ ಸಿಕ್ಕಿತ್ತಂತೆ, ಎರಡು ಭರಣಿ ಹಾಕಿದ್ದು, ದೊಡ್ಡದು ನನಗೆ ಅಂತಲೇ ತೆಗೆದಿಟ್ಟಿದ್ದು, ಚೌತಿಗೆ ಬಂದಾಗ ತಗಂಡು ಹೋಗು ಅಂತ. ನಾನು “ಹಂ” ಅಂದೆ.